ಇಂಗ್ಲಿಷ್ ಭಾಷಿಕರಿಗೆ ಕೊರಿಯನ್ ಕ್ರಿಯಾರೂಪಗಳನ್ನು ಕಲಿಸುವುದು ಹೇಗೆ?

ಪ್ರಶ್ನೆ

ಇಂಗ್ಲಿಷ್ ಮಾತೃಭಾಷೆಯ ಮೂವರಿಗೆ ನಾನು ಕೊರಿಯನ್ ಭಾಷೆಯ ಆರಂಭದ ಪಾಠಗಳನ್ನು ಹೇಳಿಕೊಡುತ್ತಿದ್ದೇನೆ. ಹಂಗುಲ್ ಲಿಪಿಯನ್ನು ಬೇಗನೆ ಕಲಿತ ಅವರು ಕ್ರಿಯಾಪದಕ್ಕೆ ಬಂದೊಡನೆ ‘ನಾನು’, ‘ನೀನು’, ‘ಅವಳು’ ಎಂಬ ಪುರುಷವಾರು ಪಟ್ಟಿಯನ್ನು ಕೇಳುತ್ತಾರೆ. ‘ಮಕ್ದಾ’ (ತಿನ್ನು) ಎಂಬುದು ‘ಮಗಯೊ’ ಆಗುವಾಗ ‘ಬಾತ್ದಾ’ (ಪಡೆ) ಎಂಬುದು ‘ಬಾದಾಯೊ’ ಆಗುವುದೇಕೆ ಎಂಬುದನ್ನು ಬಾಯಿಪಾಠ ಮಾಡಿಸದೆ ವಿವರಿಸುವ ದಾರಿಯನ್ನು ದಯವಿಟ್ಟು ತಿಳಿಸಿ. (ಕೊರಿಯನ್ನಿನ ‘ಅ’ ಮತ್ತು ‘ಒ’ಗಳ ನಡುವಿನ ಸ್ವರವನ್ನು ಇಲ್ಲಿ ‘ಅ’ ಎಂದೇ ಬರೆದಿದ್ದೇನೆ.)

ಉತ್ತರ 1

ಮೊದಲು ಆ ಪಟ್ಟಿಯ ನಿರೀಕ್ಷೆಯನ್ನು ಬಿಡಿಸಿ. ಹೋಗುವವರು ಯಾರೇ ಆಗಿರಲಿ, ಒಬ್ಬರಿರಲಿ ಹತ್ತು ಜನರಿರಲಿ, ‘ಗಾಯೊ’ ಒಂದೇ. ನಿಘಂಟಿನ ರೂಪದಿಂದ ಕೊನೆಯ ‘ದಾ’ ತೆಗೆದರೆ ಉಳಿಯುವುದು ಧಾತು. ಅದರ ಕೊನೆಯ ಸ್ವರ ‘ಆ’ ಅಥವಾ ‘ಒ’ ಆಗಿದ್ದರೆ ‘ಆಯೊ’ ಸೇರುತ್ತದೆ, ಬೇರೆ ಯಾವ ಸ್ವರವಿದ್ದರೂ ‘ಅಯೊ’ ಸೇರುತ್ತದೆ. ‘ಹಾದಾ’ (ಮಾಡು) ಮಾತ್ರ ‘ಹೆಯೊ’ ಎಂದಾಗುತ್ತದೆ.

ಹಿಂದಿನ ಧ್ವನಿಯನ್ನು ನೋಡಿ ಪ್ರತ್ಯಯ ಬದಲಾಗುವುದು ಇಂಗ್ಲಿಷ್ ಭಾಷಿಕರಿಗೆ ಹೊಸದಲ್ಲ. ಅವರ ಭೂತಕಾಲದ ಪ್ರತ್ಯಯವು ‘ವಾಕ್ಡ್’ ಎಂಬಲ್ಲಿ ‘ಟ್’ ಎಂದೂ, ‘ಪ್ಲೇಡ್’ ಎಂಬಲ್ಲಿ ‘ಡ್’ ಎಂದೂ, ‘ವಾಂಟೆಡ್’ ಎಂಬಲ್ಲಿ ‘ಇಡ್’ ಎಂದೂ ಕೇಳಿಸುತ್ತದೆ, ಮತ್ತು ಇದನ್ನು ಅವರು ಯಾವ ಪಟ್ಟಿಯಿಂದಲೂ ಕಲಿತವರಲ್ಲ. ಈ ಒಂದು ಹೋಲಿಕೆಯಿಂದಲೇ ಪಾಠವನ್ನು ಆರಂಭಿಸಿ ಎಂಬುದು ನನ್ನ ಬಲವಾದ ಸಲಹೆ.

ಧಾತು ಸ್ವರಾಂತವಾಗಿದ್ದರೆ ಎರಡು ಸ್ವರಗಳು ಕೂಡಿಕೊಳ್ಳುತ್ತವೆ. ‘ಗಾ’ ಮತ್ತು ‘ಆಯೊ’ ಸೇರಿದಾಗ ಒಂದು ಸ್ವರ ಲೋಪವಾಗಿ ‘ಗಾಯೊ’ ಉಳಿಯುತ್ತದೆ. ‘ಒದಾ’ (ಬರು) ‘ವಾಯೊ’ ಆಗುತ್ತದೆ. ‘ಮಾಸಿದಾ’ (ಕುಡಿ) ‘ಮಾಸ್ಯಯೊ’ ಆಗುತ್ತದೆ. ‘ಅತಿ’ ಮತ್ತು ‘ಅಂತ’ ಸೇರಿ ‘ಅತ್ಯಂತ’ ಆಗುವ ಯಣ್ ಸಂಧಿಯನ್ನು ಬಲ್ಲ ನಮಗೆ ಇದು ಕೂಡಲೇ ಹೊಳೆಯುತ್ತದೆ, ಆದರೆ ಆ ಮೂವರಿಂದ ಎರಡು ರೂಪಗಳನ್ನೂ ಮೊದಲು ನಿಧಾನವಾಗಿ, ಬಳಿಕ ವೇಗವಾಗಿ ಹೇಳಿಸಬೇಕು.

ಉತ್ತರ 2

ರೋಮನ್ ಲಿಪಿಯನ್ನು ಮೊದಲ ವಾರದಲ್ಲೇ ಕೈಬಿಡಿಸಿ. ನೀವು ‘ಅ’ ಎಂದು ಬರೆದಿರುವ ಸ್ವರವನ್ನು ಅಲ್ಲಿ ಇ ಮತ್ತು ಓ ಎಂಬ ಎರಡು ಅಕ್ಷರಗಳಿಂದ ಬರೆಯುವುದರಿಂದ ಇಂಗ್ಲಿಷ್ ಭಾಷಿಕರು ಅದನ್ನು ಎರಡು ಸ್ವರಗಳೆಂದು ಓದುತ್ತಾರೆ, ಮತ್ತು ಆಗ ಸ್ವರದ ನಿಯಮವೇ ಕಿವಿಗೆ ನಿಲುಕುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಭೂತಕಾಲಕ್ಕೂ ಇದೇ ನಿಯಮವೇ? ‘ಬಾದಾಸ್ಸಯೊ’ ಎಂಬಲ್ಲಿ ಎರಡನೆಯ ಸಲವೂ ‘ಆ’ ಬರಬೇಕಿತ್ತಲ್ಲವೇ ಎಂದು ಒಬ್ಬರು ಕೇಳಿದ್ದಾರೆ.

ಉತ್ತರ 1

ಒಳ್ಳೆಯ ಪ್ರಶ್ನೆ. ಧಾತುವಿಗೆ ತಾಗುವ ‘ಆಸ್ಸ್’ ಅಥವಾ ‘ಅಸ್ಸ್’ ಎಂಬುದನ್ನು ಮಾತ್ರ ಧಾತುವಿನ ಸ್ವರ ನಿರ್ಧರಿಸುತ್ತದೆ. ಅದರ ಮುಂದೆ ಯಾವಾಗಲೂ ‘ಅಯೊ’ ಬರುತ್ತದೆ. ಔಪಚಾರಿಕ ರೂಪಕ್ಕಂತೂ ಸ್ವರಸಾಮ್ಯ (ಧಾತುವಿನ ಸ್ವರಕ್ಕೆ ತಕ್ಕಂತೆ ಪ್ರತ್ಯಯದ ಸ್ವರ ಬದಲಾಗುವ ಈ ನಿಯಮ) ಬೇಕಿಲ್ಲ: ಧಾತು ಸ್ವರಾಂತವಾದರೆ ‘ಗಾಮ್ನಿದಾ’ ಎಂಬಂತೆ, ವ್ಯಂಜನಾಂತವಾದರೆ ‘ಸುಮ್ನಿದಾ’ ಸೇರಿಸಿ.

‘ದುತ್ದಾ’ (ಕೇಳು) ಎಂಬುದು ‘ದುರಯೊ’ ಆಗುತ್ತದೆ, ಅದೇ ವ್ಯಂಜನದಿಂದ ಮುಗಿಯುವ ‘ಮಿತ್ದಾ’ (ನಂಬು) ನಿಯಮದಂತೆ ‘ಮಿದಯೊ’ ಆಗುತ್ತದೆ. ನಿಯತ ಕ್ರಿಯಾಪದಗಳು ನಾಲಿಗೆಗೆ ಒಗ್ಗುವವರೆಗೆ ‘ದುತ್ದಾ’ದಂಥವನ್ನು ಪಾಠಕ್ಕೆ ತರಬೇಡಿ.