ಟ್ರಕೋಮಾ ದೇಶದಿಂದ ಹೋಯಿತು ಅಂದರಲ್ಲ, ಹಾಗಾದರೆ ನಮ್ಮಜ್ಜಿ ಕಣ್ಣಿಗೆ ಏನಾಗಿದೆ?

ಚಳ್ಳಕೆರೆ ಕಡೆಯವನು:
ಅಜ್ಜಿಗೆ ಎಪ್ಪತ್ತು ದಾಟಿದೆ. ಎಷ್ಟೋ ವರ್ಷದಿಂದ ಕಣ್ಣಲ್ಲಿ ಒಂದೇ ಸಮ ನೀರು, ಬಿಸಿಲಿಗೆ ಬಂದರೆ ಕಣ್ಣು ಬಿಡುವುದಕ್ಕೇ ಆಗುವುದಿಲ್ಲ. ರೆಪ್ಪೆ ಕೂದಲು ಒಳಗೆ ತಿರುಗಿ ಚುಚ್ಚುತ್ತದೆ ಅಂತ ಬೆಳಕಿರುವ ಕಡೆ ಕೂತು, ತಂಗಿ ಕೈಗೆ ಚಿಮಟ ಕೊಟ್ಟು ಒಂದೊಂದೇ ಕೀಳಿಸಿಕೊಳ್ಳುತ್ತಾಳೆ. ನಾವೆಲ್ಲ ಪೊರೆ ಅಂದುಕೊಂಡು ಸುಮ್ಮನಿದ್ದೆವು. ಮೊನ್ನೆ ಕಣ್ಣಿನ ಕ್ಯಾಂಪಿನಲ್ಲಿ ಡಾಕ್ಟರ್ ಮೇಡಂ ರೆಪ್ಪೆ ಮಡಚಿ ನೋಡಿ, ಇದು ಹಳೇ ಟ್ರಕೋಮಾ, ಅಂದರೆ ರೆಪ್ಪೆಯ ಒಳಗೆ ಆಗುವ ಸೋಂಕಿನ ಕಾಯಿಲೆ, ರೆಪ್ಪೆಗೆ ಆಪರೇಷನ್ ಬೇಕು ಅಂದರು. ಆದರೆ 2024ರಲ್ಲೇ ಭಾರತ ಟ್ರಕೋಮಾ ಗೆದ್ದಿತು ಅಂತ ಪೇಪರಿನಲ್ಲಿ ಬಂದಿತ್ತು, ಅಲ್ವಾ? ಯಾರನ್ನು ನಂಬೋಣ? ಈ ವಯಸ್ಸಿನಲ್ಲಿ ಆಪರೇಷನ್ ಬೇಕಾ?

ನೇತ್ರ ಸಹಾಯಕಿ, ದಾವಣಗೆರೆ:
ಎರಡೂ ನಿಜ ತಮ್ಮಾ. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು, ಇದು ಇನ್ನು ಇಲ್ಲಿ ಊರಿಗೆ ಊರನ್ನೇ ಕಾಡುವ ಕಾಯಿಲೆಯಲ್ಲ ಅಂತ. ಅದಕ್ಕೆ ಲೆಕ್ಕ ಇದೆ. 1ರಿಂದ 9 ವರ್ಷದ ಮಕ್ಕಳಲ್ಲಿ ರೆಪ್ಪೆಯ ಒಳಗೆ ಸೋಂಕಿನ ಗುಳ್ಳೆ ಇರುವವರು ನೂರಕ್ಕೆ 5ಕ್ಕಿಂತ ಕಡಿಮೆ ಇರಬೇಕು. 15 ದಾಟಿದವರಲ್ಲಿ, ಕೂದಲು ಒಳಗೆ ತಿರುಗಿಯೂ ಆರೋಗ್ಯ ಇಲಾಖೆಯ ಕಣ್ಣಿಗೆ ಬೀಳದೆ ಉಳಿದವರು ಸಾವಿರಕ್ಕೆ 2ಕ್ಕಿಂತ ಕಡಿಮೆ ಇರಬೇಕು. ಅಂದರೆ ಹಳಬರು ಕೆಲವರು ಇದ್ದೇ ಇರುತ್ತಾರೆ.

ಅಜ್ಜಿಗೆ ಈಗ ಸೋಂಕು ಇರಲಿಕ್ಕಿಲ್ಲ. ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಕಣ್ಣು ಬಂದು, ರೆಪ್ಪೆಯ ಒಳಗೆಲ್ಲ ಗಾಯ ಆಗಿ ಮಾಯ್ದು, ಆ ಕಲೆ ಬಿಗಿದುಕೊಳ್ಳುತ್ತಾ ಬಂದು ರೆಪ್ಪೆಯ ಅಂಚನ್ನೇ ಒಳಕ್ಕೆ ಎಳೆದಿರುತ್ತದೆ. ಆಮೇಲೆ ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಕೂದಲು ಕರಿಗುಡ್ಡೆಯನ್ನು ಕೆರೆಯುತ್ತದೆ. ಕೆರೆದೂ ಕೆರೆದೂ ಅದು ಬೆಳ್ಳಗಾಗುತ್ತದೆ. ಹಾಗೆ ಹೋದ ನೋಟವನ್ನು ರೆಪ್ಪೆ ಆಪರೇಷನ್ ವಾಪಸ್ ತರುವುದಿಲ್ಲ, ಇರುವುದನ್ನು ಉಳಿಸುತ್ತದೆ. ಕಿತ್ತ ಕೂದಲು ಕೆಲವು ವಾರದಲ್ಲಿ ಮತ್ತೆ ಬರುತ್ತದೆ, ಮೊಂಡಾಗಿ ಬಂದರೆ ಇನ್ನೂ ಜಾಸ್ತಿ ಚುಚ್ಚುತ್ತದೆ.

ಇದು ಪೊರೆ ಆಪರೇಷನ್ ಅಲ್ಲ. ರೆಪ್ಪೆಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಂಚನ್ನು ಹೊರಗೆ ತಿರುಗಿಸಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ಕೆಲವರಿಗೆ ಕೂದಲು ಮತ್ತೆ ತಿರುಗುವುದೂ ಉಂಟು, ಅದಕ್ಕೇ ಆಮೇಲೆ ತೋರಿಸುತ್ತಿರಬೇಕು. ಅಂದಹಾಗೆ ವಯಸ್ಸಾಗಿ ರೆಪ್ಪೆ ಸಡಿಲವಾದರೂ ಕೂದಲು ಒಳಗೆ ತಿರುಗುತ್ತದೆ. ಮೇಡಂ ರೆಪ್ಪೆ ಮಡಚಿ ನೋಡಿದ್ದು ಕಲೆ ಇದೆಯಾ ಅಂತ.

ಕುರಿ ಕಾಯೋರ ಮಗ:
ಹೆಂಗಸರಿಗೇ ಇದು ಜಾಸ್ತಿ ಅಂತಾರಲ್ಲ ಮೇಡಂ, ಯಾಕೆ?

ನೇತ್ರ ಸಹಾಯಕಿ, ದಾವಣಗೆರೆ:
ಮಕ್ಕಳ ಜೊತೆ ಇರುವವರು ಅವರೇ ಅಲ್ವಾ. ಮಗುವಿನ ಕಣ್ಣಿನ ಗೀಜು ಸೆರಗಿನಲ್ಲಿ ಒರೆಸುತ್ತಾರೆ, ಅದೇ ಸೆರಗಿನಲ್ಲಿ ತಮ್ಮ ಮುಖ. ಕೈ, ಬಟ್ಟೆ, ನೊಣ, ಎಲ್ಲದರಿಂದಲೂ ಹರಡುತ್ತದೆ. ಬೋರ್‌ವೆಲ್ ಬತ್ತಿದ ಊರಲ್ಲಿ ಕುಡಿಯುವ ನೀರಿಗೇ ಪರದಾಟ, ಮಗುವಿನ ಮುಖ ತೊಳೆಯಲು ಎಲ್ಲಿಂದ ತರುವುದು? ಅದಕ್ಕೇ ಈ ಕಾಯಿಲೆಗೆ ಆಪರೇಷನ್, ಸೋಂಕಿಗೆ ಕೊಡುವ ಅಜಿಥ್ರೋಮೈಸಿನ್ ಮಾತ್ರೆ ಇವೆರಡೇ ಸಾಲದು. ಮುಖ ತೊಳೆಯುವ ಅಭ್ಯಾಸ, ನೀರು, ಶೌಚಾಲಯ ಎಲ್ಲ ಸೇರಿಸಿ ಕೆಲಸ ಮಾಡುತ್ತಾರೆ. ನಮ್ಮಲ್ಲಿ ಟ್ರಕೋಮಾ ಕಾರ್ಯಕ್ರಮ ಶುರುವಾಗಿದ್ದು 1963ರಲ್ಲಿ. ಅಂದರೆ ಅರವತ್ತು ವರ್ಷ ಹಿಡಿಯಿತು. ಇಥಿಯೋಪಿಯಾದಲ್ಲಿ ಇವತ್ತಿಗೂ ಇದು ದೊಡ್ಡ ಕಾಟ.

ಕುರಿ ಕಾಯೋರ ಮಗ:
ಆಫ್ರಿಕಾ ಕಡೆ ನದಿ ಪಕ್ಕದ ಊರಲ್ಲಿ ಕಪ್ಪು ನೊಣ ಕಚ್ಚಿ ಕುರುಡಾಗುವ ಕಾಯಿಲೆ ಇದೆಯಂತೆ, ಅದಕ್ಕೆ ಐವರ್ಮೆಕ್ಟಿನ್ ಅಂತೆ. ನಾವು ಕುರಿಗೆ ಹಾಕಿಸುವುದೂ ಅದೇ! ಈ ಅಜ್ಜಿಗೂ ಕೊಡಬಹುದಾ?

ಮೆಡಿಕಲ್ ಸ್ಟೂಡೆಂಟ್:
ಬೇಡ ಮಾರಾಯ! ಅದು ಹುಳದ ಕಾಯಿಲೆ, ಟ್ರಕೋಮಾ ಬ್ಯಾಕ್ಟೀರಿಯಾದ್ದು. ನದಿ ಕುರುಡು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಅಲ್ಲಿಯೂ ಕೊಡುವುದು ಮನುಷ್ಯರ ಮಾತ್ರೆ, ತೂಕ ಇಲ್ಲವೇ ಎತ್ತರ ನೋಡಿ. 1987ರಿಂದ ಮರ್ಕ್ ಕಂಪನಿ ಪುಕ್ಕಟೆ ಕೊಡುತ್ತಿದೆ. ಆ ಔಷಧದ ಮೂಲ ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ. ಅದರ ಹಿಂದಿದ್ದ ವಿಜ್ಞಾನಿಗಳಾದ ಓಮುರ, ಕ್ಯಾಂಬೆಲ್ ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. 2025ರ ಜನವರಿಯಲ್ಲಿ ನೈಜರ್ ದೇಶ ಈ ನದಿ ಕುರುಡಿನಿಂದ ಮುಕ್ತವಾಯಿತು, ಆಫ್ರಿಕಾದಲ್ಲಿ ಮೊದಲನೆಯದು. ಕುರಿ ಇಂಜೆಕ್ಷನ್ ಕುರಿಗೇ ಇರಲಿ.

ಹಿರಿಯೂರು ಅಕ್ಕ:
ಡ್ರಾಪ್ಸ್ ವಿಷಯ ಯಾರೂ ಹೇಳಲಿಲ್ಲವಲ್ಲ. ನಮ್ಮತ್ತೆಗೆ ಮೆಡಿಕಲ್ ಶಾಪಿನವನು ಚೀಟಿಯಿಲ್ಲದೆ ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟಿದ್ದ. ಹಾಕಿದ ಕೂಡಲೇ ಕಣ್ಣು ತಣ್ಣಗಾಗುತ್ತದೆ ಅಂತ ಇವರು ತಿಂಗಳುಗಟ್ಟಲೆ ಹಾಕಿಕೊಂಡರು, ಕಡೆಗೆ ಕಣ್ಣಿನ ಒತ್ತಡ ಏರಿ ಕೂತಿತು. ನಿಮ್ಮಜ್ಜಿ ಏನು ಹಾಕಿಕೊಳ್ಳುತ್ತಿದ್ದಾರೆ ಅಂತ ಮೊದಲು ಕೇಳಿ. ಸೊಪ್ಪಿನ ರಸವೂ ಬೇಡ.

ಚಳ್ಳಕೆರೆ ಕಡೆಯವನು:
ಎಲ್ಲರಿಗೂ ಥ್ಯಾಂಕ್ಸ್. ಡ್ರಾಪ್ಸ್ ಒಂದು ಬಾಟಲಿ ಸಿಕ್ಕಿತು, ಅದರ ಲೇಬಲ್ ಪೂರ್ತಿ ಅಳಿಸಿಹೋಗಿದೆ. ಅಜ್ಜಿ ಮಾತ್ರ ಗೌರಸಮುದ್ರ ಮಾರಮ್ಮನ ಜಾತ್ರೆ ಮುಗಿಯಲಿ, ಆಮೇಲೆ ನೋಡೋಣ ಅಂತಿದ್ದಾಳೆ.

ನೇತ್ರ ಸಹಾಯಕಿ, ದಾವಣಗೆರೆ:
ಕರಿಗುಡ್ಡೆ ಮೇಲೆ ಬಿಳಿ ಕಂಡರೆ ಜಾತ್ರೆಗೆ ಕಾಯಬೇಡಿ, ಜಿಲ್ಲಾ ಆಸ್ಪತ್ರೆ ಕಣ್ಣಿನ ವಿಭಾಗಕ್ಕೆ ಬೇಗ ಕರೆದುಕೊಂಡು ಹೋಗಿ. ಆ ಬಾಟಲಿಯನ್ನೂ ತೆಗೆದುಕೊಂಡು ಹೋಗಿ ತೋರಿಸಿ.