ಮೂರು ಎಕರೆ ಅಡಿಕೆ, ಒಂದು ಎಕರೆ ಗದ್ದೆ: ಯಾವ ಮಿನಿ ಟ್ರ್ಯಾಕ್ಟರ್ ಕೊಳ್ಳಲಿ?

ಪ್ರಶ್ನೆ: ಹೊಸನಗರದ ಬೆಳೆಗಾರ

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಎರಡು ಎಕರೆ ಅಜ್ಜನ ಕಾಲದ ಅಡಿಕೆ ತೋಟ ಕಣಿವೆಯ ತಳದಲ್ಲಿದೆ. ಮರದಿಂದ ಮರಕ್ಕೆ ಏಳೂವರೆ ಅಡಿ, ಎರಡು ಸಾಲಿಗೊಂದು ಬಸಿಗಾಲುವೆ, ಅಲ್ಲಲ್ಲಿ ಬಾಳೆ, ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ. ಮನೆಯ ಮೇಲಿನ ಇಳಿಜಾರಿನಲ್ಲಿ ಒಂಬತ್ತಡಿ ಅಂತರದಲ್ಲಿ ನಾವು ಹಾಕಿದ ಒಂದು ಎಕರೆ ಹೊಸ ತೋಟ ಬೇರೆ ಇದೆ. ಹಳ್ಳದ ಆಚೆ ಒಂದು ಎಕರೆ ಗದ್ದೆ.

ಕೊಟ್ಟಿಗೆ ಗೊಬ್ಬರ, ಸೊಪ್ಪು, ಮಣ್ಣು ಎಲ್ಲವನ್ನೂ ಇಲ್ಲಿಯವರೆಗೆ ಹೆಡಿಗೆಯಲ್ಲಿ ಹೊರಿಸುತ್ತಿದ್ದೆವು. ಈಗ ಹೊರುವವರು ಸಿಗುವುದಿಲ್ಲ. ಬಾಡಿಗೆಗೆ ಬರುವ ದೊಡ್ಡ ಟ್ರ್ಯಾಕ್ಟರ್ ತೋಟದ ಬಾಯಿಗೇ ನಿಲ್ಲುತ್ತದೆ. ಟ್ರೈಲರ್ ಸೇರಿ ಏಳು ಲಕ್ಷದೊಳಗೆ ಮುಗಿಸಬೇಕೆಂದಿದ್ದೇನೆ. ಕುಬೋಟಾದ 21 ಅಶ್ವಶಕ್ತಿಯದು, ಮಹೀಂದ್ರಾ ಜೀವೋ 24, ವಿಎಸ್‌ಟಿಯ 27 ಈ ಮೂರನ್ನು ನೋಡಿ ಬಂದೆ. ತಮ್ಮನ ಪ್ರಕಾರ ಅದೇ ಹಣಕ್ಕೆ ಹಳೆಯ 35 ಅಶ್ವಶಕ್ತಿಯ ಟ್ರ್ಯಾಕ್ಟರ್ ಸಿಗುತ್ತದೆ, ಊರಿನ ಬಾಡಿಗೆ ಕೆಲಸಕ್ಕೂ ಆಗುತ್ತದೆ. ಬಳಸಿ ಗೊತ್ತಿರುವವರು ದಾರಿ ತೋರಿಸಿ.

ಉತ್ತರ: ಚನ್ನಗಿರಿಯ ಕೃಷಿಕ

ನಮ್ಮ ಬಯಲುಸೀಮೆಯ ಅಡಿಕೆ ತೋಟಗಳಲ್ಲಿ ಮಿನಿ ಟ್ರ್ಯಾಕ್ಟರ್ ಇಲ್ಲದೆ ಕೆಲಸವೇ ಸಾಗುವುದಿಲ್ಲ. 24 ಅಶ್ವಶಕ್ತಿಗಿಂತ ಕಡಿಮೆಯದಕ್ಕೆ ಹೋಗಬೇಡಿ. ಮಣ್ಣನ್ನು ಕೊಚ್ಚಿ ಹದಮಾಡುವ ಮೂರೂವರೆ ಅಡಿಯ ರೋಟವೇಟರ್ ಜೊತೆಗೇ ತೆಗೆದುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಹೊಡೆದರೆ ಕಳೆ ಮಣ್ಣಿನೊಳಗೇ ಸೇರಿ ಗೊಬ್ಬರವಾಗುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಮಾದರಿಯೇ ಇರಲಿ. ಎರಡು ಚಕ್ರದ್ದು ನಿಮ್ಮ ಮಳೆಗೆ ತಡೆಯುವುದಿಲ್ಲ.

ಉತ್ತರ: ಸಾಗರದ ಕೃಷಿಕ ಮತ್ತು ಮೆಕ್ಯಾನಿಕ್

ನನಗೂ ಎರಡು ಎಕರೆ ಅಡಿಕೆ ಇದೆ. ಮನೆಯ ಪಕ್ಕದ ಶೆಡ್ಡಿನಲ್ಲಿ ಟಿಲ್ಲರ್, ಮಿನಿ ಟ್ರ್ಯಾಕ್ಟರ್‌ಗಳ ರಿಪೇರಿ ಮಾಡುತ್ತೇನೆ. ಹೀಗಾಗಿ ಕೊಂಡವರ ಸಂತೋಷ, ಬೇಸರ ಎರಡೂ ನನ್ನ ಶೆಡ್ಡಿಗೆ ಬಂದೇ ಬರುತ್ತವೆ. ಚನ್ನಗಿರಿಯವರು ಹೇಳಿದ್ದು ಅವರ ಬಯಲು ತೋಟಕ್ಕೆ ಸರಿಯಿರಬಹುದು, ಕಣಿವೆಯ ತೋಟಕ್ಕೆ ನಾನು ಒಪ್ಪುವುದಿಲ್ಲ.

ಮೊದಲು ರೋಟವೇಟರ್ ವಿಷಯ. ಅಡಿಕೆಗೆ ತಾಯಿಬೇರಿಲ್ಲ. ಬುಡದಿಂದ ಹೊರಡುವ ನಾರುಬೇರುಗಳಲ್ಲಿ ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲಿ, ಬುಡದ ಸುತ್ತ ಒಂದು ಮೀಟರ್ ದೂರದೊಳಗೇ ಹರಡಿರುತ್ತವೆ. ಏಳೂವರೆ ಅಡಿ ಅಂತರದಲ್ಲಿ ಎರಡು ಮರಗಳ ನಡುವೆ ರೋಟವೇಟರ್ ಓಡಿಸಿದರೆ ಅದು ಕಳೆಯ ಜೊತೆಗೆ ಬೇರನ್ನೂ ಕೊಚ್ಚುತ್ತದೆ. ಕಣಿವೆಯ ತೇವದಲ್ಲಿ ಗಾಯವಾದ ಬೇರು ರೋಗಕ್ಕೆ ಬಾಗಿಲು. ಹಿಡಿಮುಂಡಿಗೆ ರೋಗ, ಅಂದರೆ ಅಣಬೆ ರೋಗ, ನೀರು ಬಸಿಯದ ತೋಟದಲ್ಲಿ ಬೇರಿನಿಂದ ಬೇರಿಗೇ ಹಬ್ಬುವಂಥದ್ದು. ಒಂದು ಮರಕ್ಕೆ ಇರುವುದನ್ನು ಹತ್ತು ಮರಕ್ಕೆ ದಾಟಿಸುವ ಕೆಲಸವನ್ನು ಯಂತ್ರಕ್ಕೆ ಕೊಡಬೇಡಿ. ಕಳೆಯನ್ನು ಬ್ರಷ್ ಕಟರಿನಿಂದ ಸವರಿ ಅಲ್ಲೇ ಹಾಸಿಬಿಡಿ. ಮಣ್ಣು ತೇವ ಹಿಡಿದುಕೊಳ್ಳುತ್ತದೆ, ಮಳೆಗೆ ಕೊಚ್ಚಿಹೋಗುವುದೂ ತಪ್ಪುತ್ತದೆ.

ಉಳುಮೆಯನ್ನು ಪಟ್ಟಿಯಿಂದ ತೆಗೆದುಹಾಕಿದರೆ ನಿಮ್ಮ ಟ್ರ್ಯಾಕ್ಟರಿಗೆ ಉಳಿಯುವ ಕೆಲಸ ಹೊರುವುದು ಮತ್ತು ಔಷಧಿ ಹೊಡೆಯುವುದು. ಗೊಬ್ಬರ ಒಳಗೆ ಬರಬೇಕು, ಅಡಿಕೆ ಕೊನೆ ಹೊರಗೆ ಹೋಗಬೇಕು, ಸೋಗೆ, ಹಾಳೆ ಸಾಗಬೇಕು, ಮಳೆಗಾಲದಲ್ಲಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಬ್ಯಾರಲ್ ತೋಟದ ನಡುವೆ ಹೋಗಿ ನಿಲ್ಲಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಲೆಕ್ಕ ಹಾಕಿ; ನೀರಿನದೇ ದೊಡ್ಡ ಭಾರ. ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿಟಿಒ ದಂಡದಿಂದ ಓಡುವ, ಔಷಧಿ ಹೊಡೆಯುವ ಎಚ್‌ಟಿಪಿ ಪಂಪಿಗೆ ಐದು ಅಶ್ವಶಕ್ತಿ ಧಾರಾಳ. 24 ಅಶ್ವಶಕ್ತಿಯ ಜೀವೋದ ಪಿಟಿಒದಲ್ಲಿ 22 ಸಿಗುತ್ತದೆ. 21ರದ್ದಕ್ಕೂ ಅದಕ್ಕೂ ಇರುವ ವ್ಯತ್ಯಾಸ ನಿಮ್ಮ ತೋಟದ ಕೆಲಸದಲ್ಲಿ ಕಾಣಿಸುವುದೇ ಇಲ್ಲ. ಕುಬೋಟಾ ಎ211ಎನ್, ಜೀವೋ 245 ಎರಡರ ಹಿಂಬದಿ ಲಿಫ್ಟೂ 750 ಕಿಲೋ ಎತ್ತುತ್ತದೆ. ಶೋರೂಮಿನಲ್ಲಿ ಎಲ್ಲರೂ ಕೇಳುವುದು ಅಶ್ವಶಕ್ತಿ. ನೀವು ಕೇಳಬೇಕಾದದ್ದು ಅಗಲ ಮತ್ತು ಬ್ರೇಕು.

ಅಗಲವನ್ನು ಕಂಪನಿಯ ಹಾಳೆಯಲ್ಲಿ ಓದಿ ನಂಬಬೇಡಿ. ಟೇಪು ಹಿಡಿದು ಹಿಂದಿನ ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ತೋಟಕ್ಕೆಂದೇ ಮಾಡಿದ ಕಿರಿದಾದ ಮಾದರಿಗಳು ಒಂದು ಮೀಟರಿನ ಆಸುಪಾಸಿನಲ್ಲಿರುತ್ತವೆ. ಆಮೇಲೆ ನಿಮ್ಮ ದಾರಿಯನ್ನು ಅಳೆಯಿರಿ. ದಣಪೆಯಿಂದ, ಅಂದರೆ ಬೇಲಿಯ ಬಾಗಿಲಿನಿಂದ ಶುರುಮಾಡಿ, ಹಳ್ಳದ ಸಂಕ (ಕಾಲುಸೇತುವೆ), ಕೊಟ್ಟಿಗೆಯ ತಿರುವು, ತೋಟದ ಬಾಯಿ, ಅತ್ಯಂತ ಇಕ್ಕಟ್ಟಾದ ಸಾಲು. ಇವುಗಳಲ್ಲಿ ಯಾವುದು ಕಿರಿದೋ ಅದೇ ನಿಮ್ಮ ಟ್ರ್ಯಾಕ್ಟರನ್ನು ಆರಿಸುತ್ತದೆ. ಕಾಳುಮೆಣಸಿನ ಬಳ್ಳಿ ಮರದಿಂದ ಹೊರಚಾಚಿಕೊಂಡಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಟ್ರೈಲರ್ ಟ್ರ್ಯಾಕ್ಟರಿಗಿಂತ ಅಗಲವಾಗಿರುವುದೇ ಹೆಚ್ಚು. ಅದನ್ನು ಸ್ಥಳೀಯ ವರ್ಕ್‌ಶಾಪಿನಲ್ಲಿ ನಿಮ್ಮ ಅಳತೆಗೆ ಮಾಡಿಸಿ.

ಬ್ರೇಕಿನ ಮಾತು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಮನೆಯಿಂದ ತೋಟಕ್ಕೆ ಇಳಿಯುವ ದಾರಿಯಲ್ಲಿ ಗೊಬ್ಬರ ತುಂಬಿದ ಟ್ರೈಲರ್ ಹಿಂದಿನಿಂದ ದೂಡುತ್ತದೆ. ಮಿನಿ ಟ್ರ್ಯಾಕ್ಟರಿನ ತೂಕ ಬಹುತೇಕ ಒಂದು ಟನ್ನಿನೊಳಗೆ. ತುಂಬಿದ ಟ್ರೈಲರ್ ಅದಕ್ಕಿಂತ ಭಾರವಾಗುವುದು ಬಹಳ ಸುಲಭ. ಸಣ್ಣ ಟ್ರೈಲರ್‌ಗಳಿಗೆ ಸಾಮಾನ್ಯವಾಗಿ ಸ್ವಂತ ಬ್ರೇಕ್ ಇರುವುದಿಲ್ಲ. ಆದ್ದರಿಂದ ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಮಾದರಿಗೇ ಆದ್ಯತೆ ಕೊಡಿ. ಕೆಸರು ನೀರು ಒಳಹೋಗುವುದಿಲ್ಲ, ಸವೆತವೂ ಕಡಿಮೆ. ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯಿರಿ, ನಡುವೆ ಕ್ಲಚ್ ಒತ್ತಬೇಡಿ, ನ್ಯೂಟ್ರಲ್ ಅಂತೂ ಬೇಡವೇ ಬೇಡ. ದಾರಿಯಲ್ಲಿ ಓಡಿಸುವಾಗ ಎಡ, ಬಲ ಚಕ್ರಗಳ ಎರಡೂ ಬ್ರೇಕ್ ಪೆಡಲ್‌ಗಳನ್ನು ಕೊಂಡಿ ಹಾಕಿ ಒಂದಾಗಿಸಿ. ಒಂದನ್ನೇ ಒತ್ತಿದರೆ ಗಾಡಿ ಒಂದು ಬದಿಗೆ ತಿರುಗಿ ಮಗುಚುತ್ತದೆ. ಟ್ರೈಲರನ್ನು ಕೆಳಗಿನ ಡ್ರಾಬಾರಿಗೆ ಮಾತ್ರ ಸಿಕ್ಕಿಸಿ. ಮೇಲಿನ ಕೊಂಡಿಗೆ ಹಾಕಿ ಏರು ಹತ್ತಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಮನೆಯಲ್ಲಿ ಯಾರೆಲ್ಲ ಓಡಿಸುತ್ತಾರೋ ಅವರೆಲ್ಲರಿಗೂ ಇದನ್ನು ಮೊದಲ ದಿನವೇ ಹೇಳಿಕೊಡಿ. ನಮ್ಮ ಕಡೆ ಟ್ರ್ಯಾಕ್ಟರ್ ಕೆಳಗೆ ಸಿಕ್ಕಿ ಸತ್ತವರ ಮನೆಗಳಿಗೆ ನಾನು ಹೋಗಿ ಬಂದಿದ್ದೇನೆ.

35ರ ಹಳೆಯ ಟ್ರ್ಯಾಕ್ಟರ್ ತೋಟದೊಳಗೆ ಹೋಗುವುದೇ ಇಲ್ಲ. ಹೋದರೂ ಆ ಭಾರಕ್ಕೆ ಬಸಿಗಾಲುವೆಯ ಅಂಚು ಕುಸಿಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ನಿಮ್ಮ ತಮ್ಮನಿಗೆ ಬಾಡಿಗೆ ಉದ್ಯಮ ಬೇಕಿದ್ದರೆ ಅದು ಬೇರೆಯೇ ಲೆಕ್ಕ, ಅದಕ್ಕೆ ತೋಟದ ಹಣ ಹಾಕಬೇಡಿ. ಒಂದು ಎಕರೆ ಗದ್ದೆಯ ಉಳುಮೆಗೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರಿಸಿಕೊಳ್ಳಿ.

ಉತ್ತರ: ಸುಳ್ಯದ ಕೃಷಿಕ ಮಹಿಳೆ

ನಮ್ಮದು ತಟ್ಟು ತಟ್ಟಾದ ಗುಡ್ಡದ ತೋಟ. ನಾವು ಟ್ರ್ಯಾಕ್ಟರನ್ನೇ ಕೊಳ್ಳಲಿಲ್ಲ. ಮೋಟೊಕಾರ್ಟ್ ಎಂಬ ಎಂಜಿನ್ ಇರುವ ಸಣ್ಣ ಸಾಗಾಟದ ಗಾಡಿ ಇದೆ, ಗೊಬ್ಬರ ಹೊರುವುದಕ್ಕೆ, ಕೊನೆ ತರುವುದಕ್ಕೆ ಅದೇ ಸಾಕಾಗಿದೆ. ನನಗೂ ಓಡಿಸಲು ಬರುತ್ತದೆ, ಇಡೀ ದಿನ ಯಾರನ್ನೂ ಕಾಯಬೇಕಿಲ್ಲ. ಔಷಧಿಗೆ ಪ್ರತ್ಯೇಕ ಎಂಜಿನ್ ಪಂಪು. ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಿಂದಲೇ ಔಷಧಿ ಹೊಡೆಯುತ್ತಾರೆ, ಪಂಪು ಅಂಗಳದಲ್ಲಿದ್ದರೂ ಪೈಪು ತೋಟಕ್ಕೆ ಮುಟ್ಟುತ್ತದೆ. ಮೂರು ಎಕರೆಗೆ ಏಳು ಲಕ್ಷ ಹಾಕುವ ಮೊದಲು ಇದನ್ನೂ ಒಮ್ಮೆ ತೂಗಿ ನೋಡಿ.

ಮರುಪ್ರಶ್ನೆ: ಹೊಸನಗರದ ಬೆಳೆಗಾರ

ಸಾಗರದವರು ಹೇಳಿದಂತೆ ಇಂದು ಬೆಳಿಗ್ಗೆ ಅಳೆದೆ. ದಣಪೆ ಆರು ಅಡಿ, ಸಂಕ ನಾಲ್ಕು ಅಡಿ, ಅದೂ ಮರದ ದಿಮ್ಮಿಯದು. ಹಳೆಯ ತೋಟದಲ್ಲಿ ಬಳ್ಳಿಯಿಂದ ಬಳ್ಳಿಗೆ ನಾಲ್ಕೂವರೆ ಅಡಿ ಸಿಗುವ ಸಾಲುಗಳು ಕೆಲವೇ. ಉಳಿದ ಕಡೆ ಬಾಳೆ ಅಡ್ಡ ಬರುತ್ತದೆ. ಮೇಲಿನ ಹೊಸ ತೋಟದಲ್ಲಿ ಯಾವ ತೊಂದರೆಯೂ ಇಲ್ಲ. ಮೋಟೊಕಾರ್ಟ್ ಮಾತು ಮನಸ್ಸಿಗೆ ಬಂತು, ಆದರೆ ಸೊಪ್ಪಿನ ಬೆಟ್ಟದಿಂದ ತರಗೆಲೆ ತರುವ ದಾರಿ ಒಂದೂವರೆ ಕಿಲೋಮೀಟರ್. ಸಹಾಯಧನ ಸಿಗುತ್ತದೆಯೇ?

ಉತ್ತರ: ಸಾಗರದ ಕೃಷಿಕ ಮತ್ತು ಮೆಕ್ಯಾನಿಕ್

ಸುಳ್ಯದವರ ಮಾತಿನಲ್ಲಿ ತೂಕವಿದೆ. ಬೆಟ್ಟದ ದಾರಿ ಅಷ್ಟು ದೂರ ಇಲ್ಲದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮ ಅಳತೆಗೆ 27ರದ್ದನ್ನು ಮರೆತುಬಿಡಿ. ಒಂದು ಮೀಟರ್ ಅಗಲದ, 20ರಿಂದ 22 ಅಶ್ವಶಕ್ತಿಯ, ನಾಲ್ಕು ಚಕ್ರದ ಎಳೆತವಿರುವ ಮಾದರಿ ಸಾಕು. ಹಳೆಯ ತೋಟದ ಪ್ರತಿ ಸಾಲಿಗೂ ಅದನ್ನು ನುಗ್ಗಿಸುವ ಆಸೆ ಬೇಡ. ಬಾಳೆ ಇಲ್ಲದ ಒಂದು ಸಾಲನ್ನು ನಡುವೆ ಉದ್ದಕ್ಕೂ ದಾರಿಯಾಗಿ ಬಿಟ್ಟುಕೊಡಿ. ಅಲ್ಲಿಂದ ಎರಡು ಬದಿಗೂ ಕೈಗಾಡಿಯಲ್ಲಿ ಹಂಚಿದರೆ ಹೊರೆ ಹೊರುವ ದೂರ ಎಷ್ಟೋ ತಗ್ಗುತ್ತದೆ. ಚಕ್ರ ಯಾವಾಗಲೂ ಆ ಒಂದೇ ಗೆರೆಯಲ್ಲಿ ಓಡುವುದರಿಂದ ಉಳಿದ ತೋಟದ ಮಣ್ಣು ತುಳಿತಕ್ಕೆ ಸಿಗುವುದಿಲ್ಲ.

ಸಂಕವನ್ನು ಮೊದಲು ಕಟ್ಟಿಸಿ. ದಿಮ್ಮಿಯ ಸಂಕದ ಮೇಲೆ ಟ್ರ್ಯಾಕ್ಟರ್ ಹತ್ತಿಸುವ ಯೋಚನೆಯೇ ಬೇಡ. ಮಳೆಗಾಲದ ಹಳ್ಳದ ನೀರು ಹಿಡಿಯುವಷ್ಟು ಅಗಲದ ಸಿಮೆಂಟ್ ಪೈಪು ಹಾಕಿ, ಮೇಲೆ ಆರಡಿ ದಾರಿ ಮಾಡಿಸಿ. ಇದರ ಖರ್ಚನ್ನು ಏಳು ಲಕ್ಷದೊಳಗೇ ಸೇರಿಸಿ ಲೆಕ್ಕ ಹಾಕಿ.

ಸಹಾಯಧನಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಜೊತೆಗೆ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಈ ವರ್ಷದ ಮಿತಿ ಎಷ್ಟು, ಪಟ್ಟಿಯಲ್ಲಿ ಯಾವ ಮಾದರಿಗಳಿವೆ ಎಂಬುದನ್ನು ಅಲ್ಲೇ ಕೇಳಿ, ಅರ್ಜಿ ಮಂಜೂರಾಗುವ ಮೊದಲು ಮಾರಾಟಗಾರನಿಗೆ ಹಣ ಕಟ್ಟಬೇಡಿ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಯಾರಾದರೂ ಅದಕ್ಕಿಂತ ಹಳೆಯ ದರಪಟ್ಟಿ ಮುಂದಿಟ್ಟರೆ ಒಪ್ಪಬೇಡಿ.

ಇನ್ನು ಕಂಪನಿ. ಇದಕ್ಕೆ ನಾನು ಹೆಸರು ಹೇಳುವುದಿಲ್ಲ, ಏಕೆಂದರೆ ನಿಮ್ಮ ಊರಿಗೆ ಯಾರ ಮೆಕ್ಯಾನಿಕ್ ಬರುತ್ತಾನೆ ಎಂಬುದು ಎಂಜಿನ್ನಿಗಿಂತ ಮುಖ್ಯ. ನನ್ನ ಪರಿಚಯದವರ ಒಂದು ಒಳ್ಳೆಯ ಟ್ರ್ಯಾಕ್ಟರ್, ಸಣ್ಣದೊಂದು ಸೀಲ್ ಬರಲಿಲ್ಲವೆಂದು ಔಷಧಿ ಹೊಡೆಯುವ ಕಾಲವಿಡೀ ಶೆಡ್ಡಿನಲ್ಲಿ ನಿಂತಿತ್ತು. ಕೊಳೆರೋಗ ಬಿಡಿಭಾಗಕ್ಕಾಗಿ ಕಾಯುತ್ತದೆಯೇ? ಮೂರೂ ಕಂಪನಿಯ ಮಾರಾಟಗಾರರ ಬಳಿ ಹೋಗಿ ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಸೀಲ್, ಮುಂದಿನ ಆಕ್ಸಲಿನ ಬಿಡಿಭಾಗ ಕಪಾಟಿನಲ್ಲಿ ಇದೆಯೇ ಎಂದು ಕೇಳಿ, ಕಣ್ಣಾರೆ ನೋಡಿ. ಮಳೆಗಾಲದಲ್ಲಿ ಮನೆಗೇ ಬಂದು ಸರ್ವೀಸ್ ಮಾಡುತ್ತಾರೆಯೇ ಎಂಬುದನ್ನು ಅವರಿಂದಲ್ಲ, ಅವರಿಂದ ಕೊಂಡ ಅಕ್ಕಪಕ್ಕದ ಊರಿನವರಿಂದ ತಿಳಿದುಕೊಳ್ಳಿ.

ಕೊನೆಗೆ, ಡೆಮೊ ನಿಮ್ಮ ಜಾಗದಲ್ಲೇ ಆಗಲಿ. ಶೋರೂಮಿನ ಅಂಗಳದಲ್ಲಿ ಎಲ್ಲ ಟ್ರ್ಯಾಕ್ಟರೂ ಚೆನ್ನಾಗಿಯೇ ಓಡುತ್ತದೆ. ಗೊಬ್ಬರ ತುಂಬಿದ ಟ್ರೈಲರ್ ಕಟ್ಟಿ ತೋಟದ ಇಳಿಜಾರನ್ನು ಇಳಿಸಿ, ನಡುವೆ ನಿಲ್ಲಿಸಿ ನೋಡಿ, ಮತ್ತೆ ಹತ್ತಿಸಿ. ನಿಮ್ಮ ಮನೆಯಾಕೆಯೂ ಓಡಿಸುವವರಾದರೆ ಅವರನ್ನು ಕೂರಿಸಿ, ಕ್ಲಚ್, ಬ್ರೇಕಿಗೆ ಕಾಲು ಸರಿಯಾಗಿ ಎಟುಕುತ್ತದೆಯೇ ನೋಡಿ. ಇದಕ್ಕೆ ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ. ಸಂಕ ಆದ ಮೇಲೆ ಡೆಮೊ ದಿನ ಗೊತ್ತುಮಾಡಿ ತಿಳಿಸಿ, ಬಿಡುವಿದ್ದರೆ ನಾನೂ ಬರುತ್ತೇನೆ.