ಶಿಕಾಗೋ ಹತ್ತಿರದ ಫ್ಯಾಮಿಲಿ ಯೀರೋ ಅಂಗಡಿ: ಒಬ್ಬರು ಐದು ಸ್ಟಾರ್, ಇನ್ನೊಬ್ಬರು ಒಂದೇ ಸ್ಟಾರ್. ಯಾವ ರಿವ್ಯೂ ನಂಬೋದು?

ನೇಪರ್‌ವಿಲ್_ಸಂಸಾರ

ಶಿಕಾಗೋದ ಪಶ್ಚಿಮಕ್ಕೆ, ನಮ್ಮ ಉಪನಗರದಲ್ಲಿ ಅಪ್ಪ, ಅಮ್ಮ, ಮಗ ಮೂವರೇ ನಿಂತು ನಡೆಸುವ ಪುಟ್ಟ ಗ್ರೀಕ್ ಅಂಗಡಿ ಇದೆ. ಎಂಟು ಹತ್ತು ಟೇಬಲ್, ಕೌಂಟರ್ ಹಿಂದೆ ಒಂದೇ ಒಂದು ಯೀರೋ ಕೋನ್, ಅಂದರೆ ಸರಳಿಗೆ ಚುಚ್ಚಿ ಉರಿಯ ಮುಂದೆ ತಿರುಗಿಸುತ್ತಾ ಬೇಯಿಸುವ ಮಾಂಸದ ಗುಡ್ಡೆ; ಅದನ್ನು ಹೆರೆದು ಪೀಟಾ ರೊಟ್ಟಿಯಲ್ಲಿ ಸುತ್ತಿ ಕೊಡೋದೇ ಯೀರೋ. ರಿವ್ಯೂ ಓದಿದರೆ ಒಂದಕ್ಕೊಂದು ತಾಳೆಯೇ ಆಗಲ್ಲ. "ಅಂಚು ಗರಿಗರಿ, ಒಳಗೆ ಮೆತ್ತಗೆ, ಇಲ್ಲಿಗಿಂತ ಚೆನ್ನಾಗಿ ಎಲ್ಲೂ ಸಿಗಲ್ಲ" ಅಂತ ಒಬ್ಬರು. "ಒಣಗಿದ ಮಾಂಸ, ವಿಪರೀತ ಉಪ್ಪು" ಅಂತ ಅದೇ ವಾರ ಇನ್ನೊಬ್ಬರು. "ಸಾಸ್ ನೀರು ನೀರು" ಅಂತ ಮೂರು ಜನ. "ಗ್ರೀಸ್‌ನಲ್ಲಿ ಸಿಗೋದು ಹೀಗಿರಲ್ಲ" ಅಂತ ಇನ್ನೊಬ್ಬರು.

ಮುಂದಿನ ಶನಿವಾರ ಎಂಟು ಜನ ಹೋಗಬೇಕು. ಮಾಂಸ ತಿನ್ನೋರು ಐದು ಜನ, ಅದರಲ್ಲಿ ಇಬ್ಬರಿಗೆ ಬೀಫ್ ಆಗಲ್ಲ. ಮೂವರು ಪೂರ್ತಿ ಸಸ್ಯಾಹಾರಿಗಳು, ಅವರಲ್ಲಿ ಒಬ್ಬರು ಮೊಟ್ಟೆಯನ್ನೂ ಮುಟ್ಟಲ್ಲ. ಈ ರಿವ್ಯೂಗಳನ್ನ ಹೇಗೆ ಓದಬೇಕು, ಏನು ಆರ್ಡರ್ ಮಾಡಬೇಕು, ತಿಳಿದವರು ಹೇಳಿ.

ಕಾವಲಿ_ಬಿಸಿ

ಎರಡೂ ರಿವ್ಯೂ ನಿಜ ಇರಬಹುದು ಸರ್. ಒಂದೇ ಕೋನ್ ಇರುವ ಅಂಗಡಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಹೋದವರಿಗೆ ಸಿಗೋ ಮಾಂಸ ಬೇರೆ, ಮೂರೂವರೆಗೆ ಹೋದವರಿಗೆ ಸಿಗೋದು ಬೇರೆ. ಕೋನ್ ಬೇಯುವ ರೀತಿಯೇ ಹಾಗೆ.

ಅಮೆರಿಕದ ಬಹುಪಾಲು ಸಣ್ಣ ಅಂಗಡಿಗಳು ಕೋನನ್ನು ತಾವೇ ಮಾಡಲ್ಲ. ಬೀಫ್‌ಗೆ ಕುರಿಮಾಂಸ ಸೇರಿಸಿ ನುಣ್ಣಗೆ ಅರೆದು, ಬ್ರೆಡ್ ಪುಡಿ, ಈರುಳ್ಳಿ, ಬೆಳ್ಳುಳ್ಳಿ, ಒರಿಗ್ಯಾನೋ, ಉಪ್ಪು ಬೆರೆಸಿ, ಒತ್ತಿ ಫ್ರೀಜ್ ಮಾಡಿದ ಕೋನ್ ಕಾರ್ಖಾನೆಯಿಂದ ಬರುತ್ತೆ. 1970ರ ದಶಕದಲ್ಲಿ ಈ ವ್ಯಾಪಾರ ದೊಡ್ಡದಾದದ್ದು ನಿಮ್ಮ ಶಿಕಾಗೋದಲ್ಲೇ; ಕೋನ್ ಮಾಡುವ ಕ್ರೋನೋಸ್ ಕಂಪನಿ ಶುರುವಾದದ್ದು 1975ರಲ್ಲಿ. ಕೋನ್ 10 ಪೌಂಡಿನಿಂದ 40 ಪೌಂಡಿನವರೆಗೆ ಸಿಗುತ್ತೆ. ಸಣ್ಣ ಅಂಗಡಿ ಎಡವೋದು ಈ ತೂಕದ ಲೆಕ್ಕದಲ್ಲೇ. ದಿನಕ್ಕೆ ಮೂವತ್ತು ಸ್ಯಾಂಡ್‌ವಿಚ್ ಹೋಗುವ ಕಡೆ 40 ಪೌಂಡಿನ ಕೋನ್ ಏರಿಸಿದರೆ ಅದು ಆ ದಿನ ಮುಗಿಯಲ್ಲ. ಹೊರಪದರ ಉರಿಯ ಮುಂದೆ ಸುತ್ತುತ್ತಾ ಒಣಗುತ್ತೆ, ಕೊಬ್ಬೆಲ್ಲ ಕೆಳಗಿನ ತಟ್ಟೆಗೆ ಇಳಿದುಹೋಗುತ್ತೆ. ಅಂಥ ಕಡೆ 10 ಪೌಂಡಿನ ಕೋನ್ ದಿನಕ್ಕೆ ಒಂದೋ ಎರಡೋ ಏರಿಸೋದು ಸರಿ.

ಉರಿ ಬೇಯಿಸೋದು ಹೊರಗಿನ ತೆಳು ಪದರವನ್ನು ಮಾತ್ರ. ಒಳಗೆ ಇನ್ನೂ ಮಂಜುಗಡ್ಡೆಯೇ ಇರುತ್ತೆ. ಮೊದಲ ಪದರ ಕಂದು ಬಣ್ಣಕ್ಕೆ ಬರೋಕೆ ಅರ್ಧ ಮುಕ್ಕಾಲು ಗಂಟೆ ಬೇಕು. ಆಮೇಲೆ ಪ್ರತಿ ಸಲ ಮೂರು ಮಿಲಿಮೀಟರ್ ದಪ್ಪದಷ್ಟು ಹೆರೆದ ಮೇಲೆ ಮುಂದಿನ ಪದರ ಕೆಂಪಗಾಗೋಕೆ ಐದು ಹತ್ತು ನಿಮಿಷ ಬಿಡಬೇಕು. ಒಮ್ಮೆಗೇ ಹದಿನೈದು ಆರ್ಡರ್ ಬಂದರೆ ಆ ಹತ್ತು ನಿಮಿಷ ಎಲ್ಲಿಂದ ತರೋದು? ಬಣ್ಣ ಬರುವ ಮೊದಲೇ ಹೆರೆಯುತ್ತಾರೆ. ಆಗ ಸಿಗೋದು ಪೇಲವ, ಮೆತ್ತನೆಯ, ಹಬೆಯಲ್ಲಿ ಬೇಯಿಸಿದಂಥ ಮಾಂಸ. ಗಿರಾಕಿಯೇ ಇಲ್ಲದಾಗ ಉಲ್ಟಾ: ಪದರ ಚಕ್ಕೆಯಂತೆ ಗಟ್ಟಿಯಾಗುತ್ತೆ.

ಕೈಪಳಗಿದ ಅಂಗಡಿಯವರು ಜನ ಕಡಿಮೆ ಇದ್ದಾಗ ಒಂದೆರಡು ಬರ್ನರ್ ಆರಿಸಿ, ಕೋನನ್ನು ಉರಿಯಿಂದ ಸ್ವಲ್ಪ ಹಿಂದಕ್ಕೆ ಸರಿಸುತ್ತಾರೆ. ಆರ್ಡರ್ ಬಂದಾಗ ಹೆರೆದ ಮಾಂಸವನ್ನು ಕಾವಲಿ ಮೇಲೆ ಒಂದು ನಿಮಿಷ ಹರಡಿ ಕೊಡುತ್ತಾರೆ. ರಿವ್ಯೂನಲ್ಲಿ "ಕೋನಿಂದ ಕೊಯ್ದು ಮತ್ತೆ ಕಾವಲಿಗೆ ಹಾಕಿದರು, ಮೋಸ" ಅಂತ ಬರೆದಿದ್ದರೆ ಅದನ್ನು ತೂಗಬೇಡಿ. ಅರೆದ ಮಾಂಸ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು, ಕೋಳಿ 74. ಹೆರೆದ ಚೂರಿನ ಒಳಮೈ ಅಷ್ಟು ಬೆಂದಿರುತ್ತೆ ಅಂತ ಹೇಳೋಕಾಗಲ್ಲ. ಕಾವಲಿಗೆ ಹಾಕೋದೇ ಸರಿಯಾದ ಕ್ರಮ.

ರಿವ್ಯೂಗಿಂತ ಅದರ ಜೊತೆ ಹಾಕಿರೋ ಫೋಟೋ ನೋಡಿ. ಕೋನಿಂದ ಹೆರೆದ ಚೂರುಗಳು ಅಡ್ಡಾದಿಡ್ಡಿ ಇರುತ್ತವೆ, ಒಂದು ಮೈ ಕಂದು, ಇನ್ನೊಂದು ಮೈ ತಿಳಿ. ಎಲ್ಲವೂ ಅಳತೆಯಿಟ್ಟು ಕತ್ತರಿಸಿದ ಪಟ್ಟಿಗಳಂತೆ, ಎರಡೂ ಮೈ ಒಂದೇ ಬಣ್ಣ ಇದ್ದರೆ ಅದು ಡಬ್ಬದಲ್ಲಿ ಬರುವ, ಮೊದಲೇ ಬೇಯಿಸಿದ ಪಟ್ಟಿ. ತಿನ್ನೋಕೆ ಅಡ್ಡಿಯಿಲ್ಲ, ಆದರೆ ಕೋನ್ ತಿರುಗುತ್ತಿರುವಾಗ ಅದನ್ನು ಕೊಡುತ್ತಿದ್ದರೆ ಕೋನ್ ತೋರಿಕೆಗೆ ಮಾತ್ರ ಅಂತ ತಿಳಿಯಿರಿ.

ರಿವ್ಯೂಗಳನ್ನು ಹೊಸದು ಮೊದಲು ಬರುವ ಹಾಗೆ ಜೋಡಿಸಿಕೊಂಡು, ಊಟದ ಹೊತ್ತು ಹೇಳಿರೋ ರಿವ್ಯೂಗಳನ್ನು ಮಾತ್ರ ಹೋಲಿಸಿ. "ಒಣಕಲು" ಅನ್ನೋವೆಲ್ಲ ಮಧ್ಯಾಹ್ನ ಮೂರರಿಂದ ಐದರೊಳಗಿನವಾದರೆ ಶನಿವಾರ ಹನ್ನೆರಡೂವರೆಗೆ ಧೈರ್ಯವಾಗಿ ಹೋಗಿ. ಊಟದ ಹೊತ್ತಲ್ಲೂ ಅದೇ ದೂರು ಇದ್ದರೆ ಕೋನ್ ಅಳತೆ ತಪ್ಪಿದೆ, ಬೇರೆ ಅಂಗಡಿ ನೋಡಿ.

ಮೊಸರು_ಕುಡಿಕೆ

ಕಾವಲಿ_ಬಿಸಿ ಅವರು ಕೋನ್ ಬಗ್ಗೆ ಹೇಳಿದ್ದು ಸರಿ. ನನ್ನ ಪ್ರಕಾರ ಮಾತ್ರ ಮನೆಮಂದಿಯ ಅಂಗಡಿಯನ್ನು ಕೋನಿಂದ ಅಳೆಯಲೇಬಾರದು. ಯೀರೋ ಮಾಂಸದ ಉಪ್ಪು ಕಾರ್ಖಾನೆಯದು, ಆ ಅಮ್ಮ ಅದನ್ನು ಕಡಿಮೆ ಮಾಡೋಕಾಗಲ್ಲ. ಅವರ ಕೈಗುಣ ಗೊತ್ತಾಗೋದು ಮೊಸರು-ಸೌತೆಕಾಯಿಯ ಜಟ್ಸೀಕಿ ಸಾಸ್, ನಿಂಬೆ ಹಾಕಿದ ಆವ್ಗೊಲೆಮೊನೊ ಸೂಪ್, ಅಂಗಡಿಯಲ್ಲೇ ನೆನೆಸಿಟ್ಟು ಕಡ್ಡಿಗೆ ಚುಚ್ಚಿ ಸುಡುವ ಚಿಕನ್ ಸುವ್ಲಾಕಿ, ಇವುಗಳಲ್ಲಿ. ಈ ಮೂರರ ಬಗ್ಗೆ ಏನು ಬರೆದಿದ್ದಾರೆ ಅಂತ ಹುಡುಕಿ.

"ಸಾಸ್ ನೀರು ನೀರು" ಅನ್ನೋ ದೂರನ್ನು ನಾನು ಗಂಭೀರವಾಗಿ ತಗೋತೀನಿ. ಜಟ್ಸೀಕಿ ನಮ್ಮ ಸೌತೆಕಾಯಿ ಮೊಸರುಬಜ್ಜಿಯ ಹಾಗೆ ಹರಿಯಬಾರದು, ಚಮಚದಲ್ಲಿ ಎತ್ತಿದರೆ ನಿಲ್ಲಬೇಕು. ಅರ್ಧ ಕಿಲೋ ಗಟ್ಟಿ ಮೊಸರಿಗೆ (ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ್ದು) ಒಂದು ಸೌತೆಕಾಯಿ, ಒಂದೆರಡು ಎಸಳು ಬೆಳ್ಳುಳ್ಳಿ, ಎರಡು ಚಮಚ ಆಲಿವ್ ಎಣ್ಣೆ, ಒಂದು ಚಮಚ ವಿನಿಗರ್, ಸ್ವಲ್ಪ ಸಬ್ಬಸಿಗೆ. ಸೌತೆಕಾಯಿ ತುರಿದು, ಉಪ್ಪು ಹಾಕಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಹಿಂಡಲೇಬೇಕು. ಹಿಂಡದೆ ಹಾಕಿದರೆ ಬೆಳಗ್ಗೆ ಗಟ್ಟಿಯಾಗೇ ಕಾಣುತ್ತೆ, ಸಂಜೆಯ ಹೊತ್ತಿಗೆ ನೀರು ಬಿಟ್ಟುಕೊಂಡಿರುತ್ತೆ. ಒಂದಿಬ್ಬರು ಹೇಳಿದ್ದರೆ ಅವತ್ತಿನ ಬ್ಯಾಚ್ ಇರಬಹುದು. ಮೂವರು ಬೇರೆಬೇರೆ ತಿಂಗಳಲ್ಲಿ ಹೇಳಿದ್ದರೆ ಅಲ್ಲಿ ಹಿಂಡೋ ಕೆಲಸವನ್ನೇ ಬಿಟ್ಟಿದ್ದಾರೆ. ಬೆಳ್ಳುಳ್ಳಿ ಖಾರ ಜಾಸ್ತಿ ಅನ್ನೋದು ಮಾತ್ರ ದೊಡ್ಡ ತಪ್ಪಲ್ಲ. ಹಸಿ ಬೆಳ್ಳುಳ್ಳಿಯ ಘಾಟು ಮಾರನೇ ದಿನಕ್ಕೆ ಏರುತ್ತೆ.

ಪೀಟಾ ಬಗ್ಗೆ ಒಂದು ಮಾತು. ಗ್ರೀಕ್ ಪೀಟಾದಲ್ಲಿ ಜೇಬು ಇರಲ್ಲ, ದಪ್ಪಗೆ ಮೆತ್ತಗೆ ಇರುತ್ತೆ. ಎಣ್ಣೆ ಸವರಿ ಕಾವಲಿ ಮೇಲೆ ಎರಡೂ ಕಡೆ ಅರ್ಧರ್ಧ ನಿಮಿಷ ಬಿಸಿ ಮಾಡಿದರೆ ಮಡಚಿದಾಗ ಬಿರಿಯಲ್ಲ. "ಪೀಟಾ ಹರಿದು ಎಲ್ಲ ಮೈಮೇಲೆ ಬಿತ್ತು" ಅಂತ ಯಾರಾದರೂ ಬರೆದಿದ್ದರೆ ಆ ಅರ್ಧ ನಿಮಿಷ ಉಳಿಸಿದ್ದಾರೆ ಅಂತಲೇ ಅರ್ಥ.

ಏಜಿಯನ್_ಗಾಳಿ

ಗ್ರೀಸ್ ಜೊತೆ ಹೋಲಿಸಿರೋ ರಿವ್ಯೂ ಬಿಟ್ಟುಬಿಡಿ. ಅಲ್ಲಿ ಯೀರೋ ಅಂದರೆ ಸಾಮಾನ್ಯವಾಗಿ ಹಂದಿಮಾಂಸ, ಇಲ್ಲ ಕೋಳಿ. ಅರೆದದ್ದಲ್ಲ, ತೆಳ್ಳಗೆ ಕೊಯ್ದ ಹೋಳುಗಳನ್ನು ಒಂದರ ಮೇಲೊಂದು ಸರಳಿಗೆ ಚುಚ್ಚಿ ಪೇರಿಸಿರುತ್ತಾರೆ. ಪೀಟಾ ಒಳಗೇ ಆಲೂಗಡ್ಡೆ ಫ್ರೈಸ್ ಹಾಕ್ತಾರೆ. ಶಿಕಾಗೋದ ಬೀಫ್-ಕುರಿ ಕೋನ್ ಬೇರೆಯೇ ತಿನಿಸು, ಅದರ ರುಚಿಯನ್ನು ಅದರ ಮೇಲೇ ಅಳೆಯಬೇಕು. ಅಂಗಡಿಯವರು ಅಲ್ಲಿಯದೇ ಅಂತ ಬೋರ್ಡ್ ಹಾಕಿಕೊಂಡಿದ್ದರೆ ಆ ದೂರು ನ್ಯಾಯ.

ಸೊಪ್ಪಿನ_ಪಲ್ಯ

ಬೀಫ್ ತಿನ್ನದ ಇಬ್ಬರ ವಿಷಯ ಮೊದಲು. ಮೆನುವಿನಲ್ಲಿ "ಲ್ಯಾಂಬ್ ಯೀರೋ" ಅಂತ ಇದ್ದರೂ ಅಮೆರಿಕದ ಕೋನ್‌ನಲ್ಲಿ ಸಾಮಾನ್ಯವಾಗಿ ಬೀಫ್ ಇದ್ದೇ ಇರುತ್ತೆ, ಎಷ್ಟೋ ಸಲ ಬೀಫೇ ಜಾಸ್ತಿ. ಕೋನ್ ಬಂದ ಡಬ್ಬದ ಲೇಬಲ್ ತೋರಿಸಿ ಅಂತ ಕೇಳಬಹುದು, ಮನೆಮಂದಿ ಇರೋ ಕಡೆ ತೋರಿಸುತ್ತಾರೆ. ಇಬ್ಬರಿಗೂ ಚಿಕನ್ ಸುವ್ಲಾಕಿ ಹೇಳಿ. ಚಿಕನ್ ಯೀರೋ ಅಂದರೂ ಒಂದೇ ಕೋನ್ ಇರೋ ಅಂಗಡಿಯಲ್ಲಿ ಅದು ಕಾವಲಿ ಮೇಲೆ ಹುರಿದ ಕೋಳಿ ಚೂರು, ಪಕ್ಕದಲ್ಲೇ ಬೀಫ್ ಇರುತ್ತೆ, ಮಗುಚುವ ಕೈಯೂ ಅದೇ. ಅದು ಆಗಲ್ಲ ಅನ್ನೋರು ಕಡ್ಡಿಗೆ ಚುಚ್ಚಿ ಬೇರೆ ಗ್ರಿಲ್ ಮೇಲೆ ಸುಡುವುದನ್ನೇ ಕೇಳಿ.

ಸಸ್ಯಾಹಾರಿಗಳಿಗೆ ಅಲ್ಲಿ ಕಣ್ಣಿಗೆ ಕಾಣದ ಮಾಂಸ ಬಹಳ. ಅನ್ನ (ಪಿಲಾಫ್) ಮತ್ತು ನಿಂಬೆ ಆಲೂಗಡ್ಡೆ ಎರಡನ್ನೂ ಎಷ್ಟೋ ಕಡೆ ಕೋಳಿ ಸ್ಟಾಕ್‌ನಲ್ಲಿ (ಕೋಳಿ ಬೇಯಿಸಿದ ರಸ) ಬೇಯಿಸುತ್ತಾರೆ. ಆವ್ಗೊಲೆಮೊನೊ ಸೂಪ್ ಬಿಳಿಯಾಗಿದೆ ಅಂತ ಮೋಸ ಹೋಗಬೇಡಿ, ಕೋಳಿ ಸ್ಟಾಕ್ ಜೊತೆ ಮೊಟ್ಟೆಯೂ ಇದೆ. ಫ್ರೈಸ್ ಕರಿಯುವ ಎಣ್ಣೆಯಲ್ಲೇ ಸ್ಕ್ವಿಡ್ ಕರೀತಾರಾ ಅಂತ ಕೇಳಿ. ಸ್ಪಾನಕೋಪಿಟಾ ಪಾಲಕ್-ಚೀಸ್ ಕಡುಬೇ ಹೌದು, ಆದರೆ ಹೂರಣ ಹಿಡಿದು ನಿಲ್ಲೋಕೆ ಮೊಟ್ಟೆ ಹಾಕೋದು ವಾಡಿಕೆ. ದ್ರಾಕ್ಷಿ ಎಲೆಯ ಡೋಲ್ಮಾದಲ್ಲಿ ಎರಡು ಬಗೆ: ತಣ್ಣಗೆ ಕೊಡುವುದು ಬರೀ ಅಕ್ಕಿಯದು, ಬಿಸಿಯಾಗಿ ಸಾಸ್ ಸುರಿದು ಕೊಡುವುದರಲ್ಲಿ ಸಾಮಾನ್ಯವಾಗಿ ಮಾಂಸ. ಗ್ರೀಕ್ ಸಲಾಡ್ ಮೇಲೆ ಕೆಲವು ಕಡೆ ಆಂಚೊವಿ ಮೀನು ಇಡುತ್ತಾರೆ, ಬೇಡ ಅಂತ ಮೊದಲೇ ಹೇಳಿ. ಚೀಸ್‌ನಲ್ಲಿ ರೆನೆಟ್ (ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪು) ಬೇಡ ಅನ್ನೋರಿಗೆ ಗ್ರೀಸ್‌ನ ಫೆಟಾ ಕಷ್ಟ. ಸಾಗನಾಕಿಗೆ (ಬಾಣಲೆಯಲ್ಲಿ ಹುರಿದ ಚೀಸ್) ಹಾಕುವ ಕೆಫಲೊಟೀರಿ ಚೀಸೂ ಅಷ್ಟೇ. ಅದರ ಮೇಲೆ ಬ್ರಾಂದಿ ಸುರಿದು ಬೆಂಕಿ ಹಚ್ಚುತ್ತಾರೆ ಅನ್ನೋದೂ ತಿಳಿದಿರಲಿ.

ಹಾಗಾದರೆ ತಿನ್ನೋದು ಏನು? ಜಿಗಾಂಟೆಸ್ ಅಂತ ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಬೀನ್ಸ್ ಕಾಳು (ಅವರೆಗಿಂತ ದೊಡ್ಡ ಕಾಳು), ಫಸೋಲಾಕಿಯಾ ಅಂತ ಆಲಿವ್ ಎಣ್ಣೆಯ ಬೀನ್ಸ್, ಜಟ್ಸೀಕಿ-ಪೀಟಾ, ಅಕ್ಕಿಯ ಡೋಲ್ಮಾ. ಇಷ್ಟರಲ್ಲಿ ಮೂವರ ಹೊಟ್ಟೆ ತುಂಬುತ್ತೆ. ಪೀಟಾವನ್ನು ಮಾಂಸದ ಕಾವಲಿ ಬಿಟ್ಟು ಒಲೆಯ ಮೇಲೋ ಅವನ್‌ನಲ್ಲೋ ಬಿಸಿ ಮಾಡಿಸಿ.

ಇನ್ನೊಂದು ಉಪಯೋಗದ ವಿಷಯ: ಆರ್ಥೊಡಾಕ್ಸ್ ಈಸ್ಟರ್‌ಗೆ ಮೊದಲಿನ ಉಪವಾಸದ ವಾರಗಳಲ್ಲಿ ವ್ರತ ಹಿಡಿದವರು ಮಾಂಸ, ಹಾಲು, ಮೊಟ್ಟೆ ಮೂರನ್ನೂ ಬಿಡುತ್ತಾರೆ. ಮೆನುವಿನಲ್ಲಿ ಇಲ್ಲದ ಕಾಳಿನ ಸೂಪ್, ಬೇಳೆ ಸೂಪ್ ಆಗ ಮಾಡಿರುತ್ತಾರೆ. "ನಿಸ್ಟೀಸಿಮೊ (ಉಪವಾಸದ ಅಡುಗೆ) ಏನಿದೆ" ಅಂತ ಕೇಳಿದರೆ ಸಾಕು, ಅಮ್ಮನೇ ಹೊರಗೆ ಬಂದು ಹೇಳ್ತಾರೆ. ಆದರೆ ಅವರ ಉಪವಾಸಕ್ಕೆ ಸ್ಕ್ವಿಡ್, ಸೀಗಡಿ ನಡೆಯುತ್ತೆ, ಅದನ್ನು ಬಿಡಿಸಿ ಕೇಳಬೇಕು.

ನೇಪರ್‌ವಿಲ್_ಸಂಸಾರ

ಪಲ್ಯ ಅಕ್ಕ, ಅನ್ನದಲ್ಲಿ ಕೋಳಿ ಸ್ಟಾಕ್ ಇರುತ್ತೆ ಅನ್ನೋದು ಹೊಳೆದೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಫೋನ್ ಮಾಡಿ ಕೇಳಿದೆ, ಫಸೋಲಾಕಿಯಾ ಇದೆಯಂತೆ, ಜಿಗಾಂಟೆಸ್ ಶನಿವಾರ ಮಾಡ್ತಾರಂತೆ. ಎಂಟು ಜನಕ್ಕೆ ಒಟ್ಟಿಗೆ ಜಾಗ ಸಿಗೋದು ಕಷ್ಟ ಅಂದರು. ಪಾರ್ಸಲ್ ತಂದರೆ ಹಾಳಾಗುತ್ತಾ? ಮತ್ತೆ ರಿವ್ಯೂನಲ್ಲಿ ಒಬ್ಬರು "ತಿಂದ ರಾತ್ರಿ ಹೊಟ್ಟೆ ಕೆಟ್ಟಿತು" ಅಂತ ಬರೆದಿದ್ದಾರೆ, ಅದಕ್ಕೆ ಎಷ್ಟು ಬೆಲೆ ಕೊಡಬೇಕು?

ಕಾವಲಿ_ಬಿಸಿ

ಹೊಟ್ಟೆಯ ವಿಷಯ ಮೊದಲು. ಒಂದು ರಿವ್ಯೂ ಮೇಲೆ ತೀರ್ಮಾನ ಬೇಡ, ಕಾರಣ ಬೇರೆ ಊಟವೂ ಇರಬಹುದು. ಆದರೆ ಯೀರೋ ಅಂಗಡಿಯಲ್ಲಿ ಅಪಾಯ ಇರೋ ಜಾಗ ಒಂದಿದೆ, ರಾತ್ರಿ ಉಳಿದ ಕೋನ್. ಅರ್ಧ ಬೆಂದ ದಪ್ಪ ಕೋನನ್ನು ಹಾಗೇ ಫ್ರಿಜ್‌ಗೆ ಇಟ್ಟರೆ ಅದು ಬೇಗ ತಣಿಯಲ್ಲ. ಇಲ್ಲಿಯ ಫುಡ್ ಕೋಡ್ ಪ್ರಕಾರ ಬೆಂದ ಪದಾರ್ಥ ಎರಡು ಗಂಟೆಯೊಳಗೆ 57 ಡಿಗ್ರಿಯಿಂದ 21ಕ್ಕೆ, ಒಟ್ಟು ಆರು ಗಂಟೆಯೊಳಗೆ 5ಕ್ಕೆ ಇಳಿಯಬೇಕು. ಅದಕ್ಕೇ ಒಳ್ಳೆಯವರು ಮುಚ್ಚುವ ಹೊತ್ತಿಗೆ ಕೋನ್ ಮುಗಿಯುವ ಹಾಗೆ ಲೆಕ್ಕ ಹಾಕುತ್ತಾರೆ. ಉಳಿದರೆ ಪೂರ್ತಿ ಹೆರೆದು ಬೇಯಿಸಿ, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ತಣಿಸುತ್ತಾರೆ. ಕೊನೆಯ ಅರ್ಧ ಗಂಟೆಯಲ್ಲಿ "ಯೀರೋ ಮುಗೀತು" ಅಂತ ವಾಪಸ್ ಕಳಿಸಿದರು ಅನ್ನೋ ರಿವ್ಯೂ ನಾಲ್ಕಾರು ಇದ್ದರೆ ಅದು ಅಂಗಡಿಯ ಪರವಾದ ಸಾಕ್ಷಿ.

ಆರೋಗ್ಯ ಇಲಾಖೆಯ ತಪಾಸಣೆ ವರದಿ ಓದಿ. ಶಿಕಾಗೋ ನಗರದ ಒಳಗಿನ ಅಂಗಡಿಗಳ ವರದಿ 2010ರಿಂದ ಈಚಿನದು ನಗರದ ಡೇಟಾ ಪೋರ್ಟಲ್‌ನಲ್ಲೇ ಸಿಗುತ್ತೆ. ನಿಮ್ಮದು ಉಪನಗರ, ಹಾಗಾಗಿ ಕೌಂಟಿ ಆರೋಗ್ಯ ಇಲಾಖೆಯನ್ನು ವಿಚಾರಿಸಿ. ನೆಲದ ಟೈಲ್ ಒಡೆದಿದೆ ಅನ್ನೋಂಥ ಟಿಪ್ಪಣಿ ಬಿಡಿ. ಬಿಸಿ ತಣ್ಣನೆಯ ತಾಪಮಾನ, ಕೈ ತೊಳೆಯೋದು, ಹಸಿ ಮಾಂಸ ಇಡೋ ಜಾಗ, ಈ ಮೂರರಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಬಂದಿದೆಯಾ ನೋಡಿ.

ಪಾರ್ಸಲ್ ಆದರೆ ಕಟ್ಟಿದ ಸ್ಯಾಂಡ್‌ವಿಚ್ ತರಲೇಬೇಡಿ. ಫಾಯಿಲ್ ಒಳಗೆ ಹಬೆ ಕೂತು ಹತ್ತು ನಿಮಿಷದಲ್ಲಿ ಪೀಟಾ ಒದ್ದೆ, ಟೊಮೆಟೊ ನೀರು ಸಾಸ್‌ಗೆ ಇಳಿದು ಎಲ್ಲ ಕಲಸುಮೇಲೋಗರ. ಮಾಂಸವನ್ನು ಪೌಂಡ್ ಲೆಕ್ಕದಲ್ಲಿ ಕೇಳಿ. ಯೀರೋ ತಿನ್ನೋರು ಮೂವರು, ತಲೆಗೆ ಆರು ಔನ್ಸ್ ಅಂದರೂ ಒಂದೂಕಾಲು ಪೌಂಡ್ ಸಾಕು. ಚಿಕನ್ ಸುವ್ಲಾಕಿ ನಾಲ್ಕು ಕಡ್ಡಿ, ಪೀಟಾ ಹನ್ನೆರಡು, ಜಟ್ಸೀಕಿ ಒಂದು ಪಿಂಟ್, ಈರುಳ್ಳಿ ಟೊಮೆಟೊ ಬೇರೆ ಡಬ್ಬಿ. ಮಾಂಸದ ಡಬ್ಬಿಯ ಮುಚ್ಚಳ ಸ್ವಲ್ಪ ತೆರೆದಿರಲಿ.

ಮನೆಗೆ ಬಂದ ಮೇಲೆ ಮೈಕ್ರೋವೇವ್ ಬೇಡ, ಮಾಂಸ ರಬ್ಬರ್ ಆಗುತ್ತೆ. ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕದೆ, ಚೂರುಗಳನ್ನು ಒಂದೇ ಪದರದಲ್ಲಿ ಹರಡಿ ಎರಡು ನಿಮಿಷ. ಅದರದ್ದೇ ಕೊಬ್ಬು ಬಿಟ್ಟುಕೊಳ್ಳುತ್ತೆ. ರಾಶಿ ಹಾಕಿದರೆ ಬೇಯುತ್ತೆ ಹೊರತು ಗರಿಯಾಗಲ್ಲ. ಸಸ್ಯಾಹಾರಿಗಳ ಪೀಟಾವನ್ನು ಬೇರೆ ತವಾದಲ್ಲಿ ಮೊದಲೇ ಬಿಸಿ ಮಾಡಿ ಬಟ್ಟೆಯಲ್ಲಿ ಸುತ್ತಿಡಿ.

ಮೊಸರು_ಕುಡಿಕೆ

ಆರ್ಡರನ್ನು ಶುಕ್ರವಾರವೇ ಹೇಳಿಡಿ. ಮೂರೇ ಜನ ಕೆಲಸ ಮಾಡುವ ಕಡೆ ಶನಿವಾರ ಹನ್ನೆರಡಕ್ಕೆ ಫೋನ್ ಮಾಡಿದರೆ ಕಾವಲಿ_ಬಿಸಿ ಹೇಳಿದ ಆ ಪೇಲವ ಪದರವೇ ನಿಮ್ಮ ಪಾಲಿಗೆ ಬರುತ್ತೆ. ಹನ್ನೊಂದೂಮುಕ್ಕಾಲಕ್ಕೆ ಬಂದು ತಗೋತೀವಿ, ಚೆನ್ನಾಗಿ ಕೆಂಪಗೆ ಮಾಡಿ ಅಂತ ಹೇಳಿ. ಅಂಗಡಿ ಹನ್ನೊಂದಕ್ಕೆ ತೆಗೆದರೆ ಮೊದಲ ಪದರ ಆ ಹೊತ್ತಿಗೆ ಸರಿಯಾಗಿ ಸಿದ್ಧವಾಗಿರುತ್ತೆ.